ಬಡ್ಡಿಗೆ ಕುಲವುಂಟೆ?

ಮಾಲೂರು ತಾಲ್ಲೂಕಿನ ಒಂದು ಪ್ರೌಢಶಾಲೆಯ ವಾರ್ಷಿಕೋತ್ಸವ. ಶಾಮಿಯಾನದ ಕೆಳಗೆ ಊರಿಗೆ ಊರೇ ನೆರೆದಿತ್ತು. ಭಾಷಣ, ಬಹುಮಾನಗಳೆಲ್ಲ ಮುಗಿದ ಮೇಲೆ ಮಕ್ಕಳು ಶೇಕ್ಸ್‌ಪಿಯರನ 'ವೆನಿಸ್ಸಿನ ವರ್ತಕ' ನಾಟಕದ ನ್ಯಾಯಾಲಯದ ದೃಶ್ಯವನ್ನು ಆಡಿದರು. ಶೈಲಾಕನಾದ ಹುಡುಗನಿಗೆ ರಟ್ಟಿನ ಕೊಕ್ಕೆ ಮೂಗು ಅಂಟಿಸಿದ್ದರು. ಸೊಂಟದಲ್ಲಿ ಹಣದ ಚೀಲ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ತಕ್ಕಡಿ. ತೆರೆ ಏಳುವ ಮುನ್ನ ಉಪಾಧ್ಯಾಯರೊಬ್ಬರು ಧ್ವನಿವರ್ಧಕದ ಮುಂದೆ ನಿಂತು, "ಯಹೂದಿ ಅಂದರೆ ಯಾರು ಅಂತ ಯೋಚನೆ ಮಾಡಬೇಡಿ. ನಮ್ಮ ಕಡೆ ಶೆಟ್ಟಿ, ಮಾರ್ವಾಡಿ ಇದ್ದ ಹಾಗೆ. ಕಾಸಿಗಾಗಿ ಪ್ರಾಣ ತೆಗೆಯುವ ಜನ" ಎಂದು ವಿವರಿಸಿದರು. ಸಭೆಯೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿ ಅದೇ ಊರಿನ ಚಿಲ್ಲರೆ ಅಂಗಡಿ ಶೆಟ್ಟರ ಮಗ ಕೂತಿದ್ದ. ಹತ್ತು ಹನ್ನೊಂದು ವರ್ಷದವನು. ಪಕ್ಕದ ಹುಡುಗರು ಅವನ ಮೂಗನ್ನು ಹಿಡಿದು ಎಳೆದರು. ಅವನು ಮೊದಲು ನಕ್ಕ, ಆಮೇಲೆ ತಲೆ ತಗ್ಗಿಸಿದ, ನಾಟಕ ಮುಗಿಯುವುದರೊಳಗೆ ಎದ್ದುಹೋದ.

ಅಂದು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಅದಕ್ಕಿಂತ ದೊಡ್ಡ ತಪ್ಪನ್ನೂ ನಾನು ಮಾಡಿದ್ದೇನೆ. ಅದನ್ನು ಇಲ್ಲಿಯೇ ಒಪ್ಪಿಕೊಂಡು ಮುಂದುವರಿಯುವುದು ಧರ್ಮ. ಶ್ರೀನಿವಾಸಪುರದಲ್ಲಿ ಮಾವಿನ ಬೆಳೆಗಾರರ ಸಭೆಯೊಂದರಲ್ಲಿ ಮಂಡಿಯ ದಲ್ಲಾಳಿಗಳನ್ನು ಖಂಡಿಸುತ್ತ, "ಇವರು ಶೈಲಾಕನ ಸಂತಾನ, ಇವರ ಕುಲವೇ ಅಂಥದು" ಎಂದುಬಿಟ್ಟೆ. ಸಭೆ ಮೆಚ್ಚಿತು. ಮಾರನೆಯ ಬೆಳಿಗ್ಗೆ ಬಸ್ ನಿಲ್ದಾಣದ ಹತ್ತಿರ ಪುಟ್ಟ ಪೆಟ್ಟಿಗೆ ಅಂಗಡಿಯ ವೃದ್ಧರೊಬ್ಬರು ನನ್ನನ್ನು ನಿಲ್ಲಿಸಿದರು. "ಅಣ್ಣಾ, ನಿನ್ನೆ ನಿಮ್ಮ ಭಾಷಣ ಕೇಳಿದೆ. ನಾನೂ ಅದೇ ಕುಲದೋನು. ಈ ಅಂಗಡಿ ಮೇಲೆ ಎರಡು ಸಾಲ ಇದೆ, ವಾರಾ ವಾರಾ ಬಡ್ಡಿ ಕಟ್ತೀನಿ. ನಾನು ಯಾರ ಸಂತಾನ ಅಂತ ಹೇಳಿ ಹೋಗಿ" ಎಂದರು. ಉತ್ತರ ನನ್ನಲ್ಲಿ ಇರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಓದುಗರೇ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಯಹೂದಿಯನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ನೂರಕ್ಕೆ ಒಬ್ಬರೂ ಇರಲಾರರು. ಆದರೂ ಯಹೂದಿ ಎಂದರೆ ದುರಾಶೆ ಎಂದು ನಮಗೆ 'ಗೊತ್ತು'. ಈ ಅರಿವು ಅನುಭವದಿಂದ ಬಂದದ್ದಲ್ಲ. ಪಠ್ಯಪುಸ್ತಕದ ಕಥೆಯಿಂದ, ನಾಟಕದಿಂದ, ಅದರ ಸಾರಾಂಶದಿಂದ ಬಂದದ್ದು. ಸ್ವತಃ ಶೇಕ್ಸ್‌ಪಿಯರನ ಸ್ಥಿತಿಯೂ ಹೆಚ್ಚು ಕಡಿಮೆ ಇದೇ. 1290ರಲ್ಲಿ ಒಂದನೆಯ ಎಡ್ವರ್ಡ್ ದೊರೆ ಯಹೂದಿಗಳನ್ನೆಲ್ಲ ಇಂಗ್ಲೆಂಡಿನಿಂದ ಹೊರದೂಡಿದ. ಅವರು ಮತ್ತೆ ಅಲ್ಲಿ ನೆಲೆಸಲು ಅವಕಾಶ ದೊರೆತದ್ದು 1656ರ ಹೊತ್ತಿಗೆ. ನಾಟಕ ಹುಟ್ಟಿದ್ದು 1596-97ರ ಸುಮಾರಿನಲ್ಲಿ. ಯಹೂದಿಯೆಂದು ಹೇಳಿಕೊಂಡು ಬಾಳುವ ಒಬ್ಬನೂ ಇಲ್ಲದಿದ್ದ ದೇಶದಲ್ಲಿ ಶೈಲಾಕ್ ಹುಟ್ಟಿದ!

ಹಾಗಾದರೆ ಆ ದೇಶದಲ್ಲಿ ಬಡ್ಡಿ ವ್ಯಾಪಾರ ಇರಲಿಲ್ಲವೆ? ಧಾರಾಳವಾಗಿತ್ತು. ಯಹೂದಿಗಳು ಹೋದ ಜಾಗಕ್ಕೆ ಇಟಲಿಯ ಕ್ರೈಸ್ತ ಸಾಹುಕಾರರು ಬಂದರು. ಲಂಡನ್ನಿನ ಲೊಂಬಾರ್ಡ್ ಬೀದಿಗೆ ಅವರದೇ ಹೆಸರು. 1571ರಲ್ಲಿ ಎಲಿಜಬೆತ್ ರಾಣಿಯ ಕಾನೂನು ನೂರಕ್ಕೆ ಹತ್ತರವರೆಗಿನ ಬಡ್ಡಿಯನ್ನು ಸಹಿಸಿಕೊಂಡಿತು. ಇನ್ನೂ ಒಂದು ಮಾತು ಕೇಳಿ. 1570ರಲ್ಲಿ ಕಾನೂನುಬಾಹಿರವಾಗಿ ಬಡ್ಡಿ ತೆಗೆದನೆಂದು ಕೋರ್ಟಿನ ಕಟ್ಟೆ ಹತ್ತಿದವರಲ್ಲಿ ಜಾನ್ ಶೇಕ್ಸ್‌ಪಿಯರ್ ಎಂಬಾತನಿದ್ದಾನೆ. ಮಹಾಕವಿಯ ಸ್ವಂತ ತಂದೆ, ಕ್ರೈಸ್ತ. ಮನೆಯ ಬಡ್ಡಿಗೆ ಮೂಗಿರಲಿಲ್ಲ. ಊರಲ್ಲಿ ಇಲ್ಲದವನ ಬಡ್ಡಿಗೆ ಮಾತ್ರ ಕೊಕ್ಕೆ ಮೂಗು ಮೂಡಿತು.

ಇನ್ನು ಆ ಒಂದು ಪೌಂಡು ಮಾಂಸದ ವಿಚಾರ. ಮಾಂಸವನ್ನು ತೂಗುವ ಕಥೆ ನಮಗೆ ಹೊಸದಲ್ಲ. ಪಾರಿವಾಳಕ್ಕಾಗಿ ತನ್ನ ಮೈಯನ್ನೇ ತಕ್ಕಡಿಗೆ ಹಾಕಿದ ಶಿಬಿ ಚಕ್ರವರ್ತಿಯನ್ನು ನಮ್ಮ ಅಜ್ಜಿಯರೆಲ್ಲ ಬಲ್ಲರು. ಸಾಲ ತೀರಿಸಲಾರದವನ ಮೈಯನ್ನು ಸಾಲ ಕೊಟ್ಟವರು ಕತ್ತರಿಸಿ ಹಂಚಿಕೊಳ್ಳಬಹುದೆಂಬ ಮಾತು ಪ್ರಾಚೀನ ರೋಮಿನ 'ಹನ್ನೆರಡು ಫಲಕ'ಗಳ ಶಾಸನದಲ್ಲಿತ್ತು. ಅದು ರೋಮನರ ಕಾನೂನು, ಯಹೂದಿಗಳದ್ದಲ್ಲ. ಕ್ರಿ.ಶ. 1200ರ ಸುಮಾರಿನ 'ಡೊಲೊಪಾಥೋಸ್' ಎಂಬ ಕಥಾಸಂಗ್ರಹದಲ್ಲಿ ಮಾಂಸದ ಕರಾರಿನ ಕಥೆ ಇದೆ. ಅಲ್ಲಿ ಸಾಲ ಕೊಟ್ಟವನು ಯಹೂದಿಯೇ ಅಲ್ಲ. ಕಥೆ ಮೊದಲು ಬಂತು, ಯಹೂದಿಯನ್ನು ಆಮೇಲೆ ತಂದು ಅದರೊಳಗೆ ಕೂರಿಸಿದರು. ಯೂರೋಪಿನಲ್ಲಿ ದ್ವೇಷ ಬೆಳೆದಂತೆ ಪಾತ್ರದ ಕುಲ ಬದಲಾಯಿತು.

ಯಹೂದಿಗಳ ಧರ್ಮಗ್ರಂಥ ಏನು ಹೇಳುತ್ತದೆ? ಬಡವನ ಬೀಸುವ ಕಲ್ಲನ್ನು ಅಡವಾಗಿ ಇಟ್ಟುಕೊಳ್ಳಕೂಡದು, ಅದು ಅವನ ಜೀವವನ್ನೇ ಅಡವಿಟ್ಟುಕೊಂಡ ಹಾಗೆ ಎನ್ನುತ್ತದೆ. ಅಡವಿಟ್ಟ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಬೇಕು, ಏಳು ವರ್ಷಕ್ಕೊಮ್ಮೆ ಸಾಲವನ್ನು ಬಿಟ್ಟುಕೊಡಬೇಕು ಎನ್ನುತ್ತದೆ. ಹೊರಗಿನವನಿಂದ ಬಡ್ಡಿ ತೆಗೆಯಬಹುದೆಂಬ ಮಾತೂ ಅಲ್ಲಿದೆ, ನಿಜ. ಆದರೆ ರಾಗಿಕಲ್ಲನ್ನು ಜಪ್ತಿ ಮಾಡಬೇಡ ಎಂದ ಗ್ರಂಥದ ಜನವೇ ಲೋಕದ ಕಣ್ಣಿಗೆ ಜಪ್ತಿಯ ಜನವಾದದ್ದು ಹೇಗೆ?

ಆದದ್ದು ಹೀಗೆ. ಮಧ್ಯಯುಗದ ಯೂರೋಪಿನ ಬಹುಪಾಲು ನಾಡುಗಳಲ್ಲಿ ಯಹೂದಿ ಭೂಮಿ ಹಿಡಿಯುವಂತಿರಲಿಲ್ಲ, ಕುಶಲಕರ್ಮಿಗಳ ಸಂಘ ಸೇರುವಂತಿರಲಿಲ್ಲ. 1179ರ ಚರ್ಚಿನ ಮಹಾಸಭೆ ಬಡ್ಡಿ ತೆಗೆಯುವ ಕ್ರೈಸ್ತನಿಗೆ ಕ್ರೈಸ್ತ ಸಂಸ್ಕಾರವನ್ನೇ ನಿರಾಕರಿಸಿತು. ಆದರೆ ದೊರೆಗೆ ಯುದ್ಧಕ್ಕೆ ಹಣ ಬೇಕು, ಪೇಟೆಗೆ ಸಾಲ ಬೇಕು. ಎಲ್ಲ ಬಾಗಿಲು ಮುಚ್ಚಿ ಈ ಒಂದು ಕಿಂಡಿಯನ್ನು ಅವರಿಗಾಗಿ ಬಿಟ್ಟರು. ಅವರು ವಸೂಲಿ ಮಾಡಿದ್ದನ್ನು ದೊರೆ ತೆರಿಗೆಯ ಹೆಸರಿನಲ್ಲಿ ಹಿಂಡಿಕೊಂಡ. ಜನ ರೊಚ್ಚಿಗೆದ್ದಾಗ ಅವರನ್ನೇ ಜನರ ಮುಂದಕ್ಕೆ ದೂಡಿದ. ವೆನಿಸ್ ಪಟ್ಟಣವು 1516ರಲ್ಲಿ ಅವರನ್ನು ಒಂದು ಕೇರಿಯೊಳಗೆ ಕೂಡಿ, ರಾತ್ರಿ ಬಾಗಿಲಿಗೆ ಬೀಗ ಹಾಕಿಸಿತು. 'ಗೆಟ್ಟೋ' ಎಂಬ ಪದ ಹುಟ್ಟಿದ್ದು ಅಲ್ಲಿಯೇ. ಕೇರಿ ಎಂದರೇನು, ಊರಾಚೆ ಎಂದರೇನು ಎಂಬುದನ್ನು ಕೋಲಾರ ಜಿಲ್ಲೆಯ ಓದುಗನಿಗೆ ನಾನು ವಿವರಿಸಬೇಕಾಗಿಲ್ಲ. ಒಂದು ಜನವನ್ನು ಒಂದೇ ಕಸುಬಿಗೆ ಕಟ್ಟಿಹಾಕಿ, ಆಮೇಲೆ ಆ ಕಸುಬಿನ ಹೊಲಸನ್ನು ಆ ಜನದ ರಕ್ತದ ಗುಣವೆಂದು ಸಾರುವ ವಿದ್ಯೆ ನಮ್ಮ ದೇಶಕ್ಕೆ ಚೆನ್ನಾಗಿ ಗೊತ್ತಿದೆ.

ಕಟ್ಟಿಹಾಕದ ಕಡೆ ಅವರು ಏನಾಗಿದ್ದರು? ದೂರ ಹೋಗಬೇಕಾಗಿಲ್ಲ. ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳು ಹಳ್ಳಿಗಳಲ್ಲಿ ಗಾಣ ಆಡಿಸಿ ಎಣ್ಣೆ ಮಾರಿ ಬದುಕಿದವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಯವರು ಅವರನ್ನು 'ಶನಿವಾರ ತೇಲಿ' ಎಂದರು. ಅಂದರೆ ಶನಿವಾರದ ಗಾಣಿಗರು. ಶೈಲಾಕನ ಮೂಗು ಅವರಿಗೆ ಬರಲಿಲ್ಲ, ಕೈಗೆ ಎಣ್ಣೆ ಜಿಡ್ಡು ಮಾತ್ರ ಬಂತು. ಕೋಲಾರವೂ ಸೇರಿದ್ದ ಹಳೆಯ ಮೈಸೂರು ಸಂಸ್ಥಾನಕ್ಕೆ 1939ರಲ್ಲಿ ಸರ್ಕಾರದ ವಾಸ್ತುಶಿಲ್ಪಿಯಾಗಿ ಬಂದವರು ಆಟೋ ಕೋನಿಗ್ಸ್‌ಬರ್ಗರ್. ಹಿಟ್ಲರನ ಜರ್ಮನಿಯಲ್ಲಿ ನೆಲೆ ಕಳೆದುಕೊಂಡ ಯಹೂದಿ. ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರ ಕೈಯ ನಕ್ಷೆ. ಅದೇ ಸಂಸ್ಥೆಯಲ್ಲಿ 1935-36ರಲ್ಲಿ ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ ಕೆಲವು ತಿಂಗಳು ಪಾಠ ಹೇಳಿದ ಮ್ಯಾಕ್ಸ್ ಬಾರ್ನ್ ಇನ್ನೊಬ್ಬರು. ಮುಂದೆ ನೊಬೆಲ್ ಪಾರಿತೋಷಕ ಪಡೆದ ಭೌತವಿಜ್ಞಾನಿ. ನಮ್ಮ ನಾಡಿಗೆ ನಿಜವಾಗಿ ಬಂದ ಯಹೂದಿಗಳು ಇವರು. ಒಬ್ಬರು ಕಟ್ಟಿದರು, ಒಬ್ಬರು ಕಲಿಸಿದರು. ಆದರೆ ನಮ್ಮ ಮಕ್ಕಳಿಗೆ ಗೊತ್ತಿರುವ ಯಹೂದಿಯ ಹೆಸರು ಶೈಲಾಕ್!

"ಕವಿಯನ್ನು ಬೈಯುತ್ತೀರಾ? ಶೈಲಾಕನ ಬಾಯಲ್ಲಿ ತಾನೂ ಮನುಷ್ಯನೆಂಬ ದೊಡ್ಡ ಮಾತನ್ನು ಆಡಿಸಿಲ್ಲವೆ?" ಎಂದು ಪಂಡಿತರು ಕೇಳಬಹುದು. ಆಡಿಸಿದ್ದಾನೆ, ಒಪ್ಪುತ್ತೇನೆ. ಆಂಟೋನಿಯೋ ಆ ಮುದುಕನ ಮೇಲೆ ಉಗುಳುತ್ತಿದ್ದನೆಂದೂ ನಾಟಕದಲ್ಲಿಯೇ ಇದೆ. ಕೊನೆಗೆ ನ್ಯಾಯಾಲಯ ಅವನ ಮತವನ್ನೂ ಕಸಿಯುತ್ತದೆ, ಕ್ರೈಸ್ತನಾಗೆಂದು ಬಲಾತ್ಕರಿಸುತ್ತದೆ. ಆದರೆ ನಮ್ಮ ಶಾಲೆಯಲ್ಲಿ ಆಡುವುದು ಯಾವ ಭಾಗ? ಉಗುಳನ್ನು ಬಿಟ್ಟು, ಮತಾಂತರವನ್ನು ಬಿಟ್ಟು, ಕತ್ತಿ ತಕ್ಕಡಿಗಳನ್ನು ಮಾತ್ರ ಆರಿಸಿಕೊಂಡೆವು. ಕೆರೂರು ವಾಸುದೇವಾಚಾರ್ಯರು ಈ ನಾಟಕವನ್ನು ಕನ್ನಡಕ್ಕೆ ತಂದಾಗ ವೆನಿಸ್ ಹೋಗಿ ಸುರತ ನಗರ ಬಂತು. ಹೆಸರು 'ಸುರತನಗರದ ಶ್ರೇಷ್ಠಿ' ಆಯಿತು. ಊರು ಬದಲಿಸುವುದು ತಪ್ಪಲ್ಲ. ನಮ್ಮ ಮಾಸ್ತಿಯವರೂ ಮುಳಬಾಗಿಲಿನ ಡಿ.ವಿ.ಜಿ.ಯವರೂ ಶೇಕ್ಸ್‌ಪಿಯರನನ್ನು ಕನ್ನಡಕ್ಕೆ ತಂದವರೇ. ಆ ಋಣ ದೊಡ್ಡದು. ಆದರೆ ಹಳ್ಳಿಯ ರಂಗದ ಮೇಲೆ ಯಹೂದಿಯ ಖಾಲಿ ಕುರ್ಚಿಗೆ ಶೆಟ್ಟಿ, ಮಾರ್ವಾಡಿ, ಪಠಾಣರಲ್ಲಿ ಯಾರನ್ನೋ ಒಬ್ಬರನ್ನು ಕೂರಿಸಿದಾಗ ನಾವು ಮಾಡಿದ್ದು ಅನುವಾದವಲ್ಲ. ನಮ್ಮ ಹಳೆಯ ಜಾತಿನಿಂದೆಗೆ ಮಹಾಕವಿಯ ಮೊಹರು ಒತ್ತಿಸಿಕೊಂಡೆವು.

ಬರೆದವನು ತಿದ್ದಿಕೊಳ್ಳಬಲ್ಲ ಎಂಬುದಕ್ಕೂ ನಿದರ್ಶನವಿದೆ. ಚಾರ್ಲ್ಸ್ ಡಿಕನ್ಸ್ 1837-39ರಲ್ಲಿ 'ಆಲಿವರ್ ಟ್ವಿಸ್ಟ್' ಬರೆದಾಗ ಮಕ್ಕಳಿಗೆ ಕಳ್ಳತನ ಕಲಿಸುವ ಫೇಗಿನ್ ಎಂಬ ಪಾತ್ರವನ್ನು ಮಾತು ಮಾತಿಗೂ 'ಯಹೂದಿ' ಎಂದೇ ಕರೆದ. 1863ರಲ್ಲಿ ಎಲೈಜಾ ಡೇವಿಸ್ ಎಂಬ ಯಹೂದಿ ಮಹಿಳೆ, ಇದು ನಮ್ಮ ಜನಕ್ಕೆ ಮಾಡಿದ ಅನ್ಯಾಯವೆಂದು ಅವನಿಗೆ ಕಾಗದ ಬರೆದಳು. ಮೊದಲು ಸಮಜಾಯಿಷಿ ಹೇಳಿದ ಡಿಕನ್ಸ್, 1867ರ ಆವೃತ್ತಿಯಲ್ಲಿ ಆ ಪದವನ್ನು ಅನೇಕ ಕಡೆ ಹೊಡೆದುಹಾಕಿದ. ನಡುವೆ, 1864-65ರ ಕಾದಂಬರಿಯಲ್ಲಿ ರಾಯಾ ಎಂಬ ಯಹೂದಿ ಮುದುಕನನ್ನು ಸೃಷ್ಟಿಸಿದ. ಲೇವಾದೇವಿ ಅಂಗಡಿಯ ಗಲ್ಲದ ಮೇಲೆ ಕೂತವನು ರಾಯಾ. ಸಾಲಗಾರರು ಶಪಿಸುವುದು ಅವನನ್ನು. ಅಂಗಡಿಯ ನಿಜವಾದ ಧಣಿ ಫ್ಲೆಡ್ಜ್‌ಬಿ ಎಂಬ ಕ್ರೈಸ್ತ ಯುವಕ. ಅವನು ಹಿಂದೆ ನಿಂತು ಕರುಣೆಯ ಮಾತಾಡುತ್ತಾನೆ! ನಾನು ಹೇಳಬೇಕಾದ ಮಾತೆಲ್ಲ ಈ ಒಂದು ಚಿತ್ರದಲ್ಲಿದೆ. ಗಲ್ಲದ ಮೇಲೆ ಕಾಣುವ ಮುಖ ಬೇರೆ. ಗಂಟು ಸೇರುವ ಮನೆ ಬೇರೆ. ಕುಲನಿಂದೆ ಮುಖಕ್ಕೆ ಹೊಡೆಯುತ್ತದೆ. ಧಣಿಗೆ ಏಟು ತಾಗುವುದೇ ಇಲ್ಲ.

ಕಥೆ ಎಲ್ಲಿಯವರೆಗೆ ಹೋಗಬಲ್ಲದು? ಜರ್ಮನಿಯನ್ನು ನೋಡಿ. ಅಲ್ಲಿಯ ನಿರುದ್ಯೋಗ, ಹಣದುಬ್ಬರ, ದಿವಾಳಿ ಎಲ್ಲಕ್ಕೂ ಒಂದೇ ಮೂಗನ್ನು ತೋರಿಸಿ ಹಿಟ್ಲರ್ ಗದ್ದುಗೆ ಏರಿದ. 1940ರಲ್ಲಿ ಗೋಬೆಲ್ಸನ ಇಲಾಖೆ 'ಯಹೂದಿ ಸ್ಯೂಸ್' ಎಂಬ ಸಿನಿಮಾ ತೆಗೆಸಿತು. ದುರಾಶೆಯ ಯಹೂದಿ ಸಾಹುಕಾರನೇ ಅದರ ಖಳನಾಯಕ. ಅದನ್ನು ತನ್ನ ಪಡೆಗೂ ಪೊಲೀಸರಿಗೂ ತೋರಿಸಬೇಕೆಂದು ಹಿಮ್ಲರ್ ಆಜ್ಞೆ ಮಾಡಿದ. ಸುಮಾರು 60 ಲಕ್ಷ ಯಹೂದಿಗಳು ಕೊಲೆಯಾದರು. ದರ್ಜಿಗಳು, ಚಮ್ಮಾರರು, ಕೂಲಿಗಳು, ಹಸುಗೂಸುಗಳು. ಜರ್ಮನಿಯ ಕಾರ್ಖಾನೆಗಳ ಒಡೆಯರ ಒಡೆತನಕ್ಕೆ ಇದರಿಂದ ಕೊಂಚವೂ ಊನವಾಗಲಿಲ್ಲ.

ನಮ್ಮ ಮನೆಯ ಕಸವನ್ನೂ ಗುಡಿಸೋಣ. ಈ ಮೂಗಿಗೆ ಸಮಾಜವಾದಿಗಳೂ ಮೋಸಹೋಗಿದ್ದಾರೆ. ಯಹೂದಿ ಮನೆತನದಲ್ಲಿ ಹುಟ್ಟಿದ ಮಾರ್ಕ್ಸನೇ 1844ರ ತನ್ನ ಲೇಖನವೊಂದರಲ್ಲಿ ಯಹೂದಿತನವನ್ನೂ ದುಡ್ಡಿನ ವ್ಯಾಪಾರವನ್ನೂ ಒಂದು ಮಾಡಿ ಬರೆದ. ಆ ಬರಹಕ್ಕೆ ಯಾರ ಹೆಸರಿನ ಗೌರವವೂ ರಕ್ಷೆಯಾಗಬಾರದು. ಮುಂದಿನ ತಲೆಮಾರು ಎಚ್ಚೆತ್ತಿತು. ಯಹೂದಿದ್ವೇಷವೆಂದರೆ ಮೂಢರ ಸಮಾಜವಾದ ಎಂಬ ಮಾತು 1890ರ ದಶಕದ ಜರ್ಮನ್ ಸಮಾಜವಾದಿಗಳಲ್ಲಿ ಬಳಕೆಗೆ ಬಂತು. ಇಂದಿಗೂ ಅದನ್ನು ಆಗಸ್ಟ್ ಬೇಬೆಲರ ಹೆಸರಿನೊಡನೆ ಸೇರಿಸಿ ಹೇಳುತ್ತಾರೆ. ಕೋಪ ನ್ಯಾಯವಾದದ್ದೇ, ವಿಳಾಸ ಮಾತ್ರ ತಪ್ಪು. ಇಸ್ರೇಲ್ ಸರ್ಕಾರ ಪ್ಯಾಲೆಸ್ತೀನಿಯರ ಮೇಲೆ ನಡೆಸಿರುವ ದಮನವನ್ನು ಖಂಡಿಸುವವರಿಗೂ ಇದೇ ಮಾತು. ಖಂಡಿಸಿ, ಗಟ್ಟಿಯಾಗಿ ಖಂಡಿಸಿ. ಒಂದು ಸರ್ಕಾರದ ಕೃತ್ಯಕ್ಕೆ ಒಂದು ಜನದ ಹುಟ್ಟನ್ನು ಬೈಯುವವನು ಗಾಜಾದ ಮಗುವಿಗೂ ನ್ಯಾಯ ತರಲಾರ.

ಈಗ ನಮ್ಮ ನೆಲಕ್ಕೆ ಬರೋಣ. ನಾವು ಚಿನ್ನದ ನಾಡಿನವರು. ಲಂಡನ್ನಿನ ಜಾನ್ ಟೇಲರ್ ಕಂಪನಿ 1880ರಿಂದ ಕೋಲಾರದ ಗಣಿಗಳನ್ನು ಅಗೆಸಿತು. 1956ರಲ್ಲಿ ಮೈಸೂರು ಸರ್ಕಾರ ಅವನ್ನು ವಹಿಸಿಕೊಂಡಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಹೊರಬಂದ ಚಿನ್ನ 800 ಟನ್ನಿಗೂ ಮೇಲು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, ಕಲ್ಲಿನ ಧೂಳು ಕುಡಿದು, ಶ್ವಾಸಕೋಶ ಕಳೆದುಕೊಂಡವರು ಬಹುಪಾಲು ದಲಿತ ಕಾರ್ಮಿಕರು. ಪಾಳಿ ಮುಗಿಸಿ ಮೇಲೆ ಬಂದವನ ಮೈ ತಡಕಿ ಶೋಧಿಸುತ್ತಿದ್ದರು, ಚಿನ್ನ ಕದ್ದಾನೆಂದು. ಲಾಭಾಂಶ ಹೊತ್ತು ಹಡಗು ಏರಿದವನ ಕಿಸೆಯನ್ನು ಯಾರು ತಡಕಿದರು? ಅಗೆದವನು ಕಳ್ಳ, ಒಯ್ದವನು ದೊರೆ! 2018ರಲ್ಲಿ, ಮತ್ತೆ 2022ರಲ್ಲಿ ನಮ್ಮ ಕೆ.ಜಿ.ಎಫ್. ಹೆಸರಿನ ಸಿನಿಮಾಗಳು ದೇಶವೆಲ್ಲ ಓಡಿದವು. ಅವುಗಳಲ್ಲಿ ಗಣಿಯೆಂದರೆ ಬಂದೂಕು, ಸುತ್ತಿಗೆ, ರಕ್ತ. ಯೂನಿಯನ್ ಕಟ್ಟಿ ಮುಷ್ಕರ ಹೂಡಿದ ಕಾರ್ಮಿಕರ ನಿಜವಾದ ಚರಿತ್ರೆಗೆ ಜಾಗವಿರಲಿಲ್ಲ. ಬೆಂಗಳೂರಿನ ರೈಲು ಹತ್ತಿ ಕೆಲಸಕ್ಕೆ ಹೋಗುವ ಅಲ್ಲಿಯ ಹುಡುಗರನ್ನು ಜನ "ಕೆ.ಜಿ.ಎಫ್.ನವರಾ? ರೌಡಿಗಳೇ?" ಎಂದು ಕೇಳುತ್ತಾರೆ. ತಮಾಷೆಗೇ ಕೇಳುತ್ತಾರೆ. ಮಾಲೂರಿನ ಶಾಮಿಯಾನದಲ್ಲಿಯೂ ಎಲ್ಲರೂ ತಮಾಷೆಗೇ ನಕ್ಕಿದ್ದರು.

ಮಾಂಸದ ಕರಾರು ನಮ್ಮಲ್ಲಿ ನಿಜವಾಗಿ ಇತ್ತೆ? ಇತ್ತು. ಅದರ ಹೆಸರು ಜೀತ. ಮದುವೆಗೋ ತಿಥಿಗೋ ತಂದ ಚಿಲ್ಲರೆ ಸಾಲಕ್ಕೆ ಪೌಂಡಲ್ಲ, ಇಡೀ ಆಳನ್ನೇ ಬರೆಸಿಕೊಂಡರು. ಅಪ್ಪ ಸತ್ತರೆ ಮಗನನ್ನು ಕಟ್ಟಿದರು. ಬರೆಸಿಕೊಂಡವರು ಹಡಗಿನಿಂದ ಇಳಿದ ಯಹೂದಿಗಳೆ? ರಾಜಸ್ಥಾನದಿಂದ ಬಂದ ಮಾರ್ವಾಡಿಗಳೆ? ನಮ್ಮದೇ ಊರಿನ, ಊರಿಗೆ ಊಟ ಹಾಕುತ್ತೇವೆಂದು ಹೇಳಿಕೊಳ್ಳುವ ಜಮೀನುದಾರರು. ಅವರ ಮೇಲೆ ಯಾವ ನಾಟಕ ಬಂತು? ಯಾವ ಮೂಗು ಅಂಟಿಸಿದೆವು? 1976ರಲ್ಲಿ ಕೇಂದ್ರದ ಶಾಸನ ಜೀತವನ್ನು ರದ್ದು ಮಾಡಿತು. ಅದೇ ವರ್ಷ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯಿದೆ ತಂದಿತು. ಆ ಕಾಯಿದೆ ಸಾಲ ಕೊಟ್ಟವನ ಕುಲವನ್ನು ಕೇಳಲಿಲ್ಲ; ಸಾಲ ತಂದವನ ಸ್ಥಿತಿಯನ್ನು ಕೇಳಿತು. ಸರಿಯಾದ ಪ್ರಶ್ನೆ ಅದು.

2009ಕ್ಕೆ ಬನ್ನಿ. ಕೋಲಾರದಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳ ಸಾಲ ಕೇರಿ ಕೇರಿಗೂ ಹೊಕ್ಕಿತ್ತು. ರೇಷ್ಮೆ ಕೆಲಸದ ಬಡ ಮುಸ್ಲಿಂ ಹೆಂಗಸರು ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ ಎತ್ತುತ್ತಿದ್ದರು. ಕೊನೆಗೆ ಅಂಜುಮನ್ ಸಮಿತಿ ತನ್ನ ಜನಕ್ಕೆ ಕಂತು ಕಟ್ಟಬೇಡಿ ಎಂದಿತು. ಆಗ ಪೇಟೆಯ ಬಾಯಿ ಬಡ್ಡಿಯ ದರವನ್ನು ಬಿಟ್ಟು ಸಾಲಗಾರರ ಮತವನ್ನು ಹಿಡಿಯಿತು. ನೋಡಿದಿರಾ ಈ ಚಮತ್ಕಾರ! ಒಂದು ಜನ ಸಾಲ ಕೊಟ್ಟರೆ ದುರಾಶೆ ಅವರ ರಕ್ತದಲ್ಲಿದೆ. ಇನ್ನೊಂದು ಜನ ಸಾಲ ಕಟ್ಟಲಾರದೆ ಹೋದರೆ ಮೋಸ ಅವರ ರಕ್ತದಲ್ಲಿದೆ. ನಡುವೆ ಬಂಡವಾಳ ಹಾಕಿದವನು ಮಾತ್ರ ರಕ್ತವೇ ಇಲ್ಲದವನಂತೆ ತಣ್ಣಗೆ ಕೂತಿರುತ್ತಾನೆ. 2025ರ ಆರಂಭದಲ್ಲಿ ವಸೂಲಿಯ ಹಿಂಸೆ ತಾಳಲಾರದೆ ನಾಡಿನ ಹಲವೆಡೆ ಬಡವರು ಪ್ರಾಣ ಕಳೆದುಕೊಂಡರು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಬಾಗಿಲುಗಳನ್ನು ಬಡಿದವರು ಯಾರು? ಸಂಬಳಕ್ಕೆ ದುಡಿಯುವ, ಗುರಿ ಮುಟ್ಟದಿದ್ದರೆ ಕೆಲಸ ಕಳೆದುಕೊಳ್ಳುವ, ಎಲ್ಲ ಜಾತಿಯ ಹುಡುಗರು. ಕೊಕ್ಕೆ ಮೂಗನ್ನು ಹುಡುಕುವವನಿಗೆ ಅಲ್ಲಿ ಶೈಲಾಕ್ ಸಿಕ್ಕುವುದೇ ಇಲ್ಲ.

ಮಂಡಿಯಲ್ಲಿಯೂ ಅಷ್ಟೆ. ರೈತನಿಂದ ಕಮಿಷನ್ ಕೀಳಕೂಡದೆಂದು ಕಾನೂನಿದೆ. ಆದರೂ ಬಿಳಿ ಚೀಟಿಯ ಮೇಲೆ ನೂರಕ್ಕೆ ಹತ್ತು ಮುರಿದುಕೊಳ್ಳುತ್ತಾರೆಂದು ಮಾವು, ಟೊಮೆಟೊ ಬೆಳೆಗಾರರು ಕೂಗುತ್ತಲೇ ಇದ್ದಾರೆ. ಮುರಿದುಕೊಳ್ಳುವವರಲ್ಲಿ ನನ್ನ ಜಾತಿಯವರೂ ಇದ್ದಾರೆ, ನಿಮ್ಮ ಜಾತಿಯವರೂ ಇದ್ದಾರೆ. "ಅವರ ಕುಲವೇ ಅಂಥದು" ಎಂದು ನಾನು ಅಂದು ಕೂಗಿದಾಗ ಅತ್ಯಂತ ಜೋರಾಗಿ ಚಪ್ಪಾಳೆ ತಟ್ಟಿದವರಲ್ಲಿ ಬೇರೆ ಕುಲದ ಇಬ್ಬರು ಮಂಡಿ ಮಾಲೀಕರಿದ್ದರು. ನನ್ನ ಮಾತು ಅವರಿಗೆ ಕೊಟ್ಟ ಖುಲಾಸೆಯ ಪತ್ರವಾಗಿತ್ತು!

ಆದ್ದರಿಂದ ನಮ್ಮ ಬೇಡಿಕೆ ಸರಳ. ಉಪಾಧ್ಯಾಯ ಬಂಧುಗಳೇ, ಆ ನಾಟಕವನ್ನು ಸುಡಬೇಡಿ, ಆಡಿಸಿ. ಆದರೆ ರಟ್ಟಿನ ಮೂಗನ್ನು ಕಿತ್ತು ಒಲೆಗೆ ಹಾಕಿ. ಮೊದಲು ಉಗುಳಿದವನು ಯಾರು, ಗೆಟ್ಟೋ ಬಾಗಿಲಿಗೆ ಬೀಗ ಹಾಕಿದವನು ಯಾರು ಎಂದು ಮಕ್ಕಳಿಗೆ ಹೇಳಿದ ಮೇಲೆ ತೆರೆ ಎತ್ತಿ. ನಾಟಕ ಮಂಡಳಿಗಳೇ, ಬಡ್ಡಿಯ ಕ್ರೌರ್ಯವನ್ನು ತೋರಿಸಿ, ಆದರೆ ಬಡ್ಡಿಕೋರನಿಗೆ ಕುಲದ ಹೆಸರು ಇಡಬೇಡಿ. ವೇದಿಕೆ ಏರುವ ಸಂಗಾತಿಗಳೇ, ದರ ಹೇಳಿ, ಕಾನೂನಿನ ಕಲಂ ಹೇಳಿ, ತಪ್ಪು ಮಾಡಿದವನ ಲೆಕ್ಕ ಹೇಳಿ; ಅವನ ಅಪ್ಪ ಅಜ್ಜಂದಿರನ್ನು ಬಿಡಿ. ಕುಲ ಬೈದರೆ ಚಪ್ಪಾಳೆ ಸಿಗುತ್ತದೆ, ಬಡ್ಡಿ ಇಳಿಯುವುದಿಲ್ಲ.

ಶ್ರೀನಿವಾಸಪುರದ ಆ ವೃದ್ಧರ ಅಂಗಡಿಗೆ ಮೊನ್ನೆ ಹೋಗಿದ್ದೆ. ತಪ್ಪಾಯಿತು ಎಂದೆ. ಅವರು ಚಹ ತರಿಸಿದರು. "ತಪ್ಪು ಸರಿ ಇರಲಿ ಅಣ್ಣಾ, ವಾರದ ಬಡ್ಡಿ ಮೇಲೆ ಯಾವಾಗ ಸಭೆ ಇಡ್ತೀರಿ? ನಾನೂ ಬರ್ತೀನಿ" ಎಂದರು.

ಆ ಸಭೆಯನ್ನು ಕರೆಯಬೇಕಾಗಿದೆ.